ಹೊಲಿದದ್ದು ತುಟಿ, ಸರಿದದ್ದು ದವಡೆ

ಮಗಳ ಅಂಗುಳದ ಆಪರೇಷನ್ ಮುಗಿದು ಇವತ್ತಿಗೆ ಹದಿನಾರು ದಿನ. ಬಾಯಿಗೆ ಬೆರಳು ಹಾಕದ ಹಾಗೆ ಕೈಗೆ ಕಟ್ಟಿದ್ದ ಪಟ್ಟಿಯನ್ನು ನಿನ್ನೆ ಬಿಚ್ಚಿದೆವು. ಬಿಚ್ಚಿದ ಕೂಡಲೇ ಅವಳು ಮಾಡಿದ ಮೊದಲ ಕೆಲಸ ನನ್ನ ಕನ್ನಡಕ ಕಿತ್ತದ್ದು. ಹೊರಗೆ ಆಟಿ ತಿಂಗಳ ಮಳೆ ಹೊಡೆಯುತ್ತಾ ಇದೆ, ಅಂಗಡಿಗೆ ಗಿರಾಕಿಗಳಿಲ್ಲ. ಹಾಗಾಗಿ ಕೂತು ಬರೆಯುತ್ತಿದ್ದೇನೆ.

ನಮ್ಮದು ಉಡುಪಿ ಜಿಲ್ಲೆಯ ಕಾಪು. ಪೇಟೆಯಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಉಂಟು. ಮಗಳು ಹುಟ್ಟುವಾಗಲೇ ಎಡಬದಿಯ ತುಟಿ ಸೀಳಿತ್ತು. ಸೀಳು ತುಟಿಗೇ ನಿಂತಿರಲಿಲ್ಲ. ಒಸಡು ದಾಟಿ, ಅಂಗುಳ ದಾಟಿ, ಹಿಂದೆ ಕಿರುನಾಲಿಗೆಯವರೆಗೆ ಹೋಗಿತ್ತು. ತುಟಿಯ ಬಗ್ಗೆ ಹೇಳುವವರು ಈ ಒಂದು ವರ್ಷದಲ್ಲಿ ಬೇಕಾದಷ್ಟು ಜನ ಸಿಕ್ಕಿದರು. ಆದರೆ ತುಟಿ ಹೊಲಿದರೆ ಅದರ ಹಿಂದಿನ ಎಲುಬೂ ಜಾಗ ಬದಲಾಯಿಸುತ್ತದೆ ಎಂದು ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನನ್ನ ತಲೆಗೆ ಹೋಗಿರಲಿಲ್ಲ. ಅದು ಮೊದಲೇ ಗೊತ್ತಿದ್ದರೆ ನಾಲ್ಕೈದು ರಾತ್ರಿಯಾದರೂ ಸರಿಯಾಗಿ ನಿದ್ದೆ ಮಾಡುತ್ತಿದ್ದೆ.

ಐದನೇ ತಿಂಗಳ ಸ್ಕ್ಯಾನ್‌ನಲ್ಲಿ ಎಲ್ಲ ಸರಿ ಇದೆ ಅಂತಲೇ ಬರೆದುಕೊಟ್ಟಿದ್ದರು. ಆ ಸ್ಕ್ಯಾನ್‌ನಲ್ಲಿ ಸೀಳು ತುಟಿ ಕಾಣುವುದುಂಟು, ಕಾಣದೆ ತಪ್ಪಿಹೋಗುವುದೂ ಉಂಟು. ಮಗು ಮುಖಕ್ಕೆ ಕೈ ಅಡ್ಡ ಇಟ್ಟಿದ್ದರೆ ಮುಗಿಯಿತು. ಅಂಗುಳದ ಸೀಳಂತೂ ಇನ್ನೂ ಕಷ್ಟ. ಇದೆಲ್ಲ ಆಮೇಲೆ ತಿಳಿದದ್ದು. ಹೆರಿಗೆ ಕೋಣೆಯಿಂದ ನರ್ಸ್ ಹೊರಗೆ ಬಂದು 'ಹೆಣ್ಣು ಮಗು' ಎಂದು ಹೇಳಿ ಮತ್ತೇನೂ ಹೇಳದೆ ನಿಂತಳಲ್ಲ, ಆ ಹತ್ತು ಸೆಕೆಂಡ್ ನನಗೆ ಇವತ್ತಿಗೂ ನೆನಪಿದೆ.

ಮೊದಲ ಯುದ್ಧ ಹಾಲಿನದ್ದು. ಅಂಗುಳ ತೆರೆದಿದ್ದರೆ ಮಗುವಿಗೆ ಬಾಯಲ್ಲಿ ಎಳೆತ ಸಿಗುವುದಿಲ್ಲ. ಸ್ಟ್ರಾಗೆ ತೂತಾದ ಹಾಗೆ. ಎಷ್ಟು ಚೀಪಿದರೂ ಹಾಲು ಬರದೆ, ಮಗು ಸುಸ್ತಾಗಿ ನಿದ್ದೆ ಹೋಗುತ್ತದೆ. ನಾವು ಹೊಟ್ಟೆ ತುಂಬಿತು ಅಂತ ಅಂದುಕೊಳ್ಳುತ್ತೇವೆ. ಐದೇ ದಿನದಲ್ಲಿ ಮಗಳ ತೂಕ 300 ಗ್ರಾಂ ಇಳಿಯಿತು. ಕೊನೆಗೆ ಕೈ ಹಿಡಿದದ್ದು ಅಮ್ಮನ ಹಳೇ ಪೆಟ್ಟಿಗೆಯಲ್ಲಿದ್ದ ಬೆಳ್ಳಿ ಒಳಲೆ. ಹೆಂಡತಿ ಹಾಲು ಹಿಂಡಿ ಕೊಡುವುದು, ಅಮ್ಮ ಮಗುವನ್ನು ನೆಟ್ಟಗೆ ಕೂರಿಸಿಕೊಂಡು ಒಳಲೆಯಲ್ಲಿ ಕುಡಿಸುವುದು. ಒಂದೊಂದು ಸಲಕ್ಕೂ ನಲವತ್ತು ನಿಮಿಷ. ಮಲಗಿಸಿ ಕುಡಿಸಿದರೆ ಹಾಲು ಮೂಗಿನಿಂದ ಬರುತ್ತದೆ, ಹಾಗಾಗಿ ನೆಟ್ಟಗೇ ಕೂರಿಸಬೇಕು. ಗಾಳಿ ಜಾಸ್ತಿ ನುಂಗುವುದರಿಂದ ನಡುನಡುವೆ ಹೆಗಲಿಗೆ ಹಾಕಿ ತೇಗು ಬರಿಸಬೇಕು.

ಗ್ರಹಣದ ಮಾತೂ ಬಂತು. ಬಾರದೆ ಇರುತ್ತದಾ? ಗ್ರಹಣದ ದಿನ ನನ್ನ ಹೆಂಡತಿ ಹಲಸಿನ ಕಾಯಿ ಕೊಯ್ದಳಂತೆ. ದೊಡ್ಡಮ್ಮ ಅದನ್ನೇ ಎರಡು ಸಲ ಹೇಳಿದರು. ಅವಳು ಅಡುಗೆಮನೆಗೆ ಹೋಗಿ ಅತ್ತಳು. ಮಗುವಿನ ತುಟಿಯ ಎರಡು ಬದಿ ಕೂಡಿಕೊಳ್ಳುವುದು ಬಸಿರಿನ 7ನೇ ವಾರದ ಒಳಗೆ. ನಮಗೆ ಬಸಿರು ಗೊತ್ತಾದದ್ದೇ ಆ ಹೊತ್ತಿಗೆ. ಗ್ರಹಣ ಬಂದದ್ದು ಐದನೇ ತಿಂಗಳಲ್ಲಿ. ನಾನು ಗೋಡೆಯ ಕ್ಯಾಲೆಂಡರ್ ತೆಗೆದುಕೊಂಡು ಹೋಗಿ ದೊಡ್ಡಮ್ಮನ ಎದುರು ಬಿಡಿಸಿ ತೋರಿಸಿದೆ. ಅವರು ಒಪ್ಪಲಿಲ್ಲ, ಆದರೆ ಮತ್ತೆ ಆ ಮಾತು ಎತ್ತಲಿಲ್ಲ. ಅಷ್ಟು ಸಾಕು.

ಹನ್ನೆರಡನೇ ದಿನ ಮಂಗಳೂರಿಗೆ ಹೋದೆವು. ಇಂಥ ಮಕ್ಕಳನ್ನು ನೋಡುವ ತಂಡವೇ ಅಲ್ಲಿ ಇತ್ತು. ತುಟಿ ಹೊಲಿಯುವ ಸರ್ಜನ್, ಹಲ್ಲು ದವಡೆಯ ಡಾಕ್ಟರ್, ಮಾತಿನ ತರಬೇತಿ ಕೊಡುವವರು, ಕಿವಿ ನೋಡುವವರು. ಮೊದಲ ದಿನವೇ ಆಪರೇಷನ್ ತಾರೀಖು ಕೊಡುತ್ತಾರೆ ಅಂದುಕೊಂಡಿದ್ದೆ. ಅವರು ಕಳಿಸಿದ್ದು ದವಡೆಯ ಅಳತೆ ತೆಗೆಯಲಿಕ್ಕೆ.

ಹನ್ನೆರಡು ದಿನದ ಕೂಸಿನ ಬಾಯಿಗೆ ಅಳತೆ! ಹಿಟ್ಟಿನ ಉಂಡೆಯಂಥ ಒಂದು ಹಸಿರು ಮುದ್ದೆಯನ್ನು ಸಣ್ಣ ಚಮಚದಷ್ಟಿರುವ ತಟ್ಟೆಯಲ್ಲಿ ಇಟ್ಟು ಮೇಲ್ದವಡೆಗೆ ಒತ್ತಿ ಹಿಡಿದರು. ನರ್ಸ್ ಮಗುವನ್ನು ಮುಂದಕ್ಕೆ ಬಾಗಿಸಿ ಹಿಡಿದಿದ್ದಳು. ಮಗಳು ಕಿರುಚಿದ್ದಕ್ಕೆ ಹೆಂಡತಿ ಬಾಗಿಲ ಹೊರಗೆ ಓಡಿದಳು. ಡಾಕ್ಟರ್ ಮಾತ್ರ ತಣ್ಣಗೆ 'ಅಳಲಿ ಬಿಡಿ, ಅಳ್ತಾ ಇದ್ರೆ ಉಸಿರಾಟ ಸರಿ ಉಂಟು ಅಂತ ಲೆಕ್ಕ' ಎಂದರು. ಒಂದೆರಡು ನಿಮಿಷದಲ್ಲಿ ಮುಗಿಯಿತು. ಹೋಗುವವರಿಗೆ ಒಂದು ಮಾತು: ಅಳತೆಗೆ ಮೊದಲು ಎರಡು ಮೂರು ಗಂಟೆ ಹಾಲು ಕೊಡಬೇಡಿ ಅಂತ ಹೇಳುತ್ತಾರೆ, ಕೇಳಿಕೊಂಡೇ ಹೋಗಿ. ನಮಗೆ ಫೋನಿನಲ್ಲಿ ಯಾರೂ ಹೇಳಿರಲಿಲ್ಲ. ಹಾಲು ಕುಡಿಸಿಕೊಂಡು ಹೋಗಿ ಮಧ್ಯಾಹ್ನದವರೆಗೆ ಕಾದೆವು.

ಆ ಅಳತೆಯಿಂದ ಮಾಡಿದ ಪ್ಲಾಸ್ಟರ್ ಅಚ್ಚು ಮುಂದಿನ ವಾರ ನೋಡಲು ಸಿಕ್ಕಿತು. ಎರಡು ಬೆರಳಿನ ಮೇಲೆ ಕೂರುವಷ್ಟು ಚಿಕ್ಕದು. ಕುದುರೆ ಲಾಳದ ಹಾಗೆ ಇರಬೇಕಾದ ಮೇಲಿನ ಒಸಡು ಎಡಕ್ಕೆ ಕಡಿದು ಎರಡು ತುಂಡಾಗಿತ್ತು. ದೊಡ್ಡ ತುಂಡಿನ ಮುಂದಿನ ತುದಿ ಬಲಕ್ಕೆ ಹೊರಳಿ ಹೊರಗೆ ಚಾಚಿಕೊಂಡಿತ್ತು. ಸಣ್ಣ ತುಂಡು ಹಿಂದೆಯೇ ಉಳಿದಿತ್ತು. ನಡುವೆ 11 ಮಿಲಿಮೀಟರ್ ಸಂದು.

ಹಾಗೆ ಯಾಕೆ ಹೊರಳಿತು ಎಂದು ಕೇಳಿದೆ. ತುಟಿಯ ಒಳಗೆ ಬಾಯಿಯ ಸುತ್ತ ಬಳೆಯ ಹಾಗೆ ಒಂದು ಸ್ನಾಯು ಇರುತ್ತದೆ. ಆ ಬಳೆ ಹೊರಗಿನಿಂದ ಒಸಡನ್ನು ಒತ್ತಿ ಹಿಡಿದರೆ ನಾಲಿಗೆ ಒಳಗಿನಿಂದ ದೂಡುತ್ತದೆ. ಎರಡರ ನಡುವೆ ದವಡೆ ತನ್ನ ಆಕಾರ ಹಿಡಿಯುತ್ತದೆ. ಸೀಳಿದ್ದರೆ ಬಳೆ ತುಂಡಾಗಿರುತ್ತದೆ. ಹೊರಗಿನ ಹಿಡಿತ ಇಲ್ಲ, ನಾಲಿಗೆ ಮಾತ್ರ ಒಳಗಿನಿಂದ ದೂಡುತ್ತಲೇ ಇರುತ್ತದೆ. ಇದೆಲ್ಲ ಹುಟ್ಟುವ ಮೊದಲೇ ಹೊಟ್ಟೆಯಲ್ಲಿ ಶುರುವಾಗಿರುತ್ತದೆ. ಕಟ್ಟು ಹರಿದ ಕಾಗದದ ರೀಮಿನ ಹಾಗೆ ಅಂತ ನಾನು ಹೇಳಿದೆ. 'ಹ್ಞಾಂ, ಹಾಗೇ ಇಟ್ಕೊಳ್ಳಿ' ಎಂದು ನಕ್ಕರು.

ಅಲ್ಲಿ ನಮ್ಮ ಮುಂದೆ ಒಂದು ಆಯ್ಕೆ ಇಟ್ಟರು. ಆಪರೇಷನ್‌ಗೆ ಮೊದಲು ಬಾಯೊಳಗೆ ಪ್ಲಾಸ್ಟಿಕ್ಕಿನ ಒಂದು ಪ್ಲೇಟ್ ಕೂರಿಸಿ, ಕೆನ್ನೆಗೆ ಟೇಪ್ ಎಳೆದು ಅಂಟಿಸಿ, ವಾರವಾರವೂ ಪ್ಲೇಟನ್ನು ಸ್ವಲ್ಪ ಸ್ವಲ್ಪ ತಿದ್ದುತ್ತಾ ಸಂದು ಕಿರಿದು ಮಾಡುವುದು. ಸಂದು ಸಾಕಷ್ಟು ಕಿರಿದಾದ ಮೇಲೆ ಮೂಗಿನ ಹೊಳ್ಳೆ ಎತ್ತಲಿಕ್ಕೆ ಅದಕ್ಕೇ ಒಂದು ಸಣ್ಣ ಕೊಕ್ಕೆ ಸೇರಿಸುತ್ತಾರೆ. ಇದಕ್ಕೆ ನ್ಯಾಮ್ ಅನ್ನುತ್ತಾರೆ. ಇದರ ಲಾಭ ಮಗು ದೊಡ್ಡದಾದ ಮೇಲೂ ಉಳಿಯುತ್ತದಾ ಎಂಬುದರಲ್ಲಿ ಡಾಕ್ಟರ್‌ಗಳಲ್ಲೇ ಒಮ್ಮತ ಇಲ್ಲ ಅಂತ ಅವರೇ ಹೇಳಿದರು. ಆ ಪ್ರಾಮಾಣಿಕತೆ ನನಗೆ ಇಷ್ಟವಾಯಿತು.

ನಾವು ಹ್ಞೂಂ ಅಂದೆವು. ಪ್ರತಿ ಗುರುವಾರ ಕಾಪುವಿನಿಂದ ಎಕ್ಸ್‌ಪ್ರೆಸ್ ಬಸ್ಸು, ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದು ಮತ್ತೊಂದು ಬಸ್ಸು. ಜುಲೈ ತಿಂಗಳು. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಫೈಲು, ಹೆಂಡತಿಯ ಎದೆಯಲ್ಲಿ ಮಗು. ಆರನೇ ವಾರಕ್ಕೆ ಟೇಪಿನಿಂದ ಕೆನ್ನೆಯ ಚರ್ಮ ಸುಲಿದು ಕೆಂಪಾಯಿತು. ಏಳನೇ ವಾರಕ್ಕೆ ಪ್ಲೇಟಿನ ಅಂಚು ತಾಗಿ ಒಸಡಿನಲ್ಲಿ ಹುಣ್ಣಾಯಿತು, ಮಗಳು ಹಾಲೇ ಬಿಟ್ಟಳು. ನಿಲ್ಲಿಸಿದೆವು. ಸಂದು 11ರಿಂದ 9ಕ್ಕೆ ಬಂದಿತ್ತು, ಅಷ್ಟೇ. ನಿಲ್ಲಿಸಿದ್ದಕ್ಕೆ ಡಾಕ್ಟರ್ ಬೈಯಲಿಲ್ಲ. 'ಉಳಿದದ್ದನ್ನು ತುಟಿ ಮಾಡ್ತದೆ' ಎಂದರು. ಆಗ ನನಗೆ ಆ ಮಾತು ಅರ್ಥ ಆಗಲಿಲ್ಲ. ಸುಮ್ನೆ ಸಮಾಧಾನಕ್ಕೆ ಹೇಳಿದ್ದು ಅಂದುಕೊಂಡೆ.

ಇನ್ನು ಕಾಗದಪತ್ರ. ಸೀಳು ತುಟಿ, ಸೀಳು ಅಂಗುಳದ ಆಪರೇಷನ್‌ಗೆ ದುಡ್ಡು ಕೊಡಬೇಕಾಗಿಲ್ಲ ಎಂಬುದೇ ನಮ್ಮ ಕಡೆ ತುಂಬಾ ಜನರಿಗೆ ಗೊತ್ತಿಲ್ಲ. 1999ರಲ್ಲಿ ಶುರುವಾದ ಸ್ಮೈಲ್ ಟ್ರೈನ್ ಎಂಬ ಸಂಸ್ಥೆ ತನ್ನ ಜೊತೆಗಿರುವ ಆಸ್ಪತ್ರೆಗಳಲ್ಲಿ ಇದನ್ನು ಉಚಿತವಾಗಿ ಮಾಡಿಸುತ್ತದೆ. 2013ರಿಂದ ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮವೂ ಉಂಟು. ಹುಟ್ಟಿನಿಂದ ಬರುವ ತೊಂದರೆಗಳ ಪಟ್ಟಿಯಲ್ಲಿ ಸೀಳು ತುಟಿಯೂ ಸೇರಿದೆ. ಆಶಾ ಕಾರ್ಯಕರ್ತೆಗೆ ಹೇಳಿದರೆ ದಾರಿ ತೋರಿಸುತ್ತಾರೆ. ನಮಗೆ ತೋರಿಸಿದ್ದು ಅವರೇ. ಆದರೆ ಯಾವ ದಾರಿಯಲ್ಲಿ ಹೋದರೂ ಕಾಗದ ಬೇಕು. ಮಗಳ ಜನನ ಪ್ರಮಾಣಪತ್ರದಲ್ಲಿ ಹೆಸರು ಇರಲಿಲ್ಲ, ನಾಮಕರಣವನ್ನು ಆಪರೇಷನ್ ಆದ ಮೇಲೆ ಮಾಡುವ ಅಂತ ಮುಂದೂಡಿದ್ದೆವು. ಹೆಸರಿಲ್ಲದೆ ಅವಳನ್ನು ರೇಷನ್ ಕಾರ್ಡಿಗೆ ಸೇರಿಸಲು ಆಗಲಿಲ್ಲ. ಕೊನೆಗೆ ಒಂದು ಬುಧವಾರ ನಾಲ್ಕೇ ಜನ ಕೂತು ತೊಟ್ಟಿಲು ತೂಗಿ ಹೆಸರಿಟ್ಟು, ಗುರುವಾರ ಅರ್ಜಿ ಹಾಕಿದ್ದಾಯಿತು. ನೀವು ಹಾಗೆ ಮಾಡಬೇಡಿ, ಹೆಸರು ಬೇಗ ಇಟ್ಟುಬಿಡಿ. ಊರಿಗೆಲ್ಲ ಜೆರಾಕ್ಸ್ ಮಾಡಿಕೊಡುವ ನಾನು ಅಡ್ಮಿಷನ್ ದಿನ ನನ್ನದೇ ಆಧಾರ್‌ನ ಪ್ರತಿ ಇಲ್ಲದೆ ಆಸ್ಪತ್ರೆ ಎದುರಿನ ಅಂಗಡಿಯಲ್ಲಿ ಕ್ಯೂ ನಿಂತೆ. ಒಂದು ಪುಟಕ್ಕೆ ಐದು ರೂಪಾಯಿ ಕೊಟ್ಟೆ. ಹೊಟ್ಟೆ ಉರಿಯಿತು.

ತುಟಿಯ ಆಪರೇಷನ್‌ಗೆ ಹಿಂದಿನಿಂದ ಒಂದು ಹತ್ತರ ಲೆಕ್ಕ ಉಂಟಂತೆ. ಮಗುವಿಗೆ 10 ವಾರ ಆಗಿರಬೇಕು, ತೂಕ 10 ಪೌಂಡ್, ಅಂದರೆ ನಾಲ್ಕೂವರೆ ಕಿಲೋ ಇರಬೇಕು, ಹಿಮೋಗ್ಲೋಬಿನ್ 10 ದಾಟಿರಬೇಕು. ಮಗಳಿಗೆ ಮೂರು ತಿಂಗಳು ತುಂಬಿತ್ತು, ತೂಕ ಹೇಗೋ ಆಗಿತ್ತು. ಹಿಮೋಗ್ಲೋಬಿನ್ 9.1. ಐರನ್ ಡ್ರಾಪ್ಸ್ ಕೊಟ್ಟು ವಾಪಸ್ ಕಳಿಸಿದರು. ಎರಡನೇ ಸಲ ರಕ್ತ ಸರಿ ಇತ್ತು, ನೆಗಡಿ ಹಿಡಿದಿತ್ತು. ಚಾಪೆ, ಬಕೆಟ್, ಫ್ಲಾಸ್ಕ್ ಎಲ್ಲ ಕಟ್ಟಿಕೊಂಡು ಅಡ್ಮಿಟ್ ಆದವರು ಸಂಜೆಗೆ ಅದೇ ಗಂಟಿನೊಂದಿಗೆ ಬಸ್ಸಿನಲ್ಲಿ ಕೂತೆವು. ಮೂಗು ಸೋರುವ ಮಗುವಿಗೆ ಅರಿವಳಿಕೆ ಕೊಡುವುದು ಅಪಾಯ ಅಂತ ತಿಳಿದಿದ್ದರೂ ಮೂಲ್ಕಿ ಬರುವವರೆಗೆ ನಾವಿಬ್ಬರೂ ಮಾತಾಡಲಿಲ್ಲ.

ಕೊನೆಗೆ ಡಿಸೆಂಬರ್‌ನಲ್ಲಿ, ಅವಳಿಗೆ ಐದೂವರೆ ತಿಂಗಳಾಗಿದ್ದಾಗ, ಕೂಡಿಬಂತು. ಬೆಳಿಗ್ಗೆ ನಾಲ್ಕು ಗಂಟೆಗೆ ಕೊನೆಯ ಸಲ ಎದೆಹಾಲು. ಎಂಟು ಗಂಟೆಗೆ ಒಳಗೆ ಕರೆದುಕೊಂಡು ಹೋದರು. ಅರಿವಳಿಕೆಯಲ್ಲಿ ಇರುವಾಗಲೇ ದವಡೆಯ ಎರಡನೇ ಅಳತೆಯನ್ನೂ ತೆಗೆಯುತ್ತೇವೆ ಅಂದಿದ್ದರು. ಹತ್ತೂ ಮುಕ್ಕಾಲಿಗೆ ಹೊರಗೆ ತಂದರು.

ಒಂದು ವಿಷಯ ಹೇಳಲೇಬೇಕು, ಯಾಕೆಂದರೆ ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೊಲಿದ ತುಟಿ ನೋಡಿದಾಗ ನನಗೆ ಖುಷಿ ಆಗಲಿಲ್ಲ. ಬೇರೆ ಯಾರದೋ ಮಗು ಅನ್ನಿಸಿತು. ಐದು ತಿಂಗಳು ಆ ಅಗಲದ ನಗುವನ್ನೇ ನೋಡಿ ಅದರ ಮೇಲೆಯೇ ಪ್ರೀತಿ ಹುಟ್ಟಿತ್ತಲ್ಲ, ಅದು ಹೋಗಿಬಿಟ್ಟಿತ್ತು. ಹೆಂಡತಿಗೂ ಹಾಗೇ ಆಗಿತ್ತಂತೆ, ವಾರ ಕಳೆದ ಮೇಲೆ ಹೇಳಿದಳು. ನಿಮಗೂ ಹಾಗನ್ನಿಸಿದರೆ ಏನೂ ತಪ್ಪಿಲ್ಲ. ಹೊಸ ನಗುವೂ ಹತ್ತು ದಿನದಲ್ಲಿ ನಮ್ಮದೇ ಆಯಿತು.

ಮೊಣಕೈ ಮಡಚದ ಹಾಗೆ ಎರಡೂ ಕೈಗೆ ಪಟ್ಟಿ ಕಟ್ಟಿದ್ದರು, ಹೊಲಿಗೆಗೆ ಬೆರಳು ಹಾಕಬಾರದು ಅಂತ. ಹಾಲು ಮತ್ತೆ ಒಳಲೆಯಲ್ಲಿ, ಬಾಯಿಯ ಬಲಬದಿಯಿಂದ. ಆರನೇ ದಿನ ಹೊಲಿಗೆ ತೆಗೆದರು. ಗಾಯ ಪೂರ್ತಿ ಮಾಗಿದ ಮೇಲೆ ಕಲೆಯ ಮೇಲೆ ಬೆರಳಿನಿಂದ ಮೆಲ್ಲಗೆ ತಿಕ್ಕಲು ಕಲಿಸಿಕೊಟ್ಟರು, ಕಲೆ ಬಿಗಿಯಾಗದೆ ಮೆತ್ತಗಾಗಲಿ ಎಂದು.

ಇನ್ನು ದವಡೆಯ ಕಥೆ.

ಅದನ್ನು ಮೊದಲು ಗಮನಿಸಿದ್ದು ಹೆಂಡತಿ. ಹಾಲು ಕುಡಿಸಿದ ಮೇಲೆ ಒದ್ದೆ ಬಟ್ಟೆ ಸುತ್ತಿದ ಕಿರುಬೆರಳಿನಿಂದ ಬಾಯಿ ಒರೆಸುವುದು ಅವಳ ಕ್ರಮ. ಮೊದಲೆಲ್ಲ ಆ ಬೆರಳಿನ ತುದಿ ಒಸಡಿನ ಸಂದಿನೊಳಗೆ ಸಲೀಸಾಗಿ ಕೂರುತ್ತಿತ್ತು. ಸಂಕ್ರಾಂತಿ ಕಳೆದು ಸ್ವಲ್ಪ ದಿನಕ್ಕೆ 'ಬೆರಳು ಹೋಗ್ತಾ ಇಲ್ಲ, ಎಂತದೋ ಅಡ್ಡ ಬಂದಿದೆ' ಅಂದಳು. ನಾನು ಟಾರ್ಚ್ ಹಾಕಿ ನೋಡಿದೆ. ಸಂದು ಕಿರಿದಾಗಿತ್ತು. ಬಲಕ್ಕೆ ಹೊರಳಿದ್ದ ಮುಂದಿನ ತುದಿ ನಡುವಿಗೆ ಬಂದಿತ್ತು. ಫೆಬ್ರವರಿ ಕೊನೆಗೆ ಕಿವಿಗೆ ಹಾಕುವ ಹತ್ತಿಕಡ್ಡಿಯಷ್ಟು ಮಾತ್ರ ಜಾಗ ಉಳಿದಿತ್ತು. ಯಾರೂ ಎಲುಬು ಮುಟ್ಟಿಲ್ಲ, ಪ್ಲೇಟ್ ಇಲ್ಲ, ಟೇಪ್ ಇಲ್ಲ. ಖುಷಿಪಡುವ ಬದಲು ನಾವು ಹೆದರಿದೆವು. ಎಲುಬು ಒಳಗೇ ಕುಸಿಯುತ್ತಿದೆಯೋ ಏನೋ ಅಂತ.

ಮಾರ್ಚ್‌ನಲ್ಲಿ ಮೂರನೇ ಅಳತೆ. ಈ ಸಲ ನಾಲ್ಕು ಜನ ಹಿಡಿಯಬೇಕಾಯಿತು. ಮುಂದಿನ ಭೇಟಿಯಲ್ಲಿ ಡಾಕ್ಟರ್ ಮೂರೂ ಅಚ್ಚುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟರು. ಬುಡದಲ್ಲಿ ಪೆನ್ಸಿಲ್‌ನಲ್ಲಿ ತಾರೀಖು. ಒಂದನೆಯದರಲ್ಲಿ 11 ಮಿಲಿಮೀಟರ್. ಎರಡನೆಯದರಲ್ಲಿ, ಅಂದರೆ ಆಪರೇಷನ್ ದಿನ, 9. ಮೂರನೆಯದರಲ್ಲಿ 3. ಏಳು ವಾರ ಪ್ಲೇಟ್ ಹಿಡಿದು ಮಳೆಯಲ್ಲಿ ಓಡಾಡಿ ಎರಡು ಮಿಲಿಮೀಟರ್ ಗಳಿಸಿದ್ದೆವು. ಹೊಲಿದ ತುಟಿ ಮೂರು ತಿಂಗಳಲ್ಲಿ ಸದ್ದಿಲ್ಲದೆ ಆರು ಮಿಲಿಮೀಟರ್ ತಂದಿತ್ತು.

ತುಟಿಯೊಳಗಿನ ಆ ಸ್ನಾಯುವಿನ ಬಳೆಯನ್ನು ಹೊಲಿದು ಕೂಡಿಸಿದ್ದೇ ಇದಕ್ಕೆ ಕಾರಣ. ಮಗು ಹಾಲು ಕುಡಿಯುವಾಗ, ಅಳುವಾಗ, ನಗುವಾಗ ಆ ಸ್ನಾಯು ಮುಂದಿನ ಒಸಡನ್ನು ಹಿಂದಕ್ಕೆ ಒತ್ತುತ್ತಲೇ ಇರುತ್ತದೆ. ಶಿಶುವಿನ ಎಲುಬು ಮೆದು, ಒತ್ತಿದ ಕಡೆಗೆ ಬಗ್ಗುತ್ತದೆ. ಬದಲಾವಣೆ ಜಾಸ್ತಿ ಕಾಣುವುದು ಮುಂದಿನ ಭಾಗದಲ್ಲಿ. ಹಿಂದೆ ದವಡೆ ಹಲ್ಲು ಬರುವ ಜಾಗದ ಅಗಲ ಮಗುವಿನ ಜೊತೆ ಬೆಳೆಯುತ್ತಾ ಹೋಗುತ್ತದೆ. ಡಾಕ್ಟರ್ ಸ್ಕೇಲ್ ಇಟ್ಟು ತೋರಿಸಿದರು: ಹಿಂದಿನ ಅಗಲ ಮೂರು ಅಚ್ಚಿನಲ್ಲೂ ಸ್ವಲ್ಪ ಸ್ವಲ್ಪ ಹೆಚ್ಚಾಗಿಯೇ ಇತ್ತು. ಆದರೆ ನಮ್ಮ ಹೆದರಿಕೆಯೂ ಪೂರ್ತಿ ಸುಳ್ಳಾಗಿರಲಿಲ್ಲ. ಒತ್ತಡ ಜಾಸ್ತಿ ಆದರೆ, ಕಲೆ ಬಿಗಿಯಾದರೆ, ಒಸಡಿನ ಸಣ್ಣ ತುಂಡು ದೊಡ್ಡದರ ಹಿಂದಕ್ಕೆ ಜಾರಿ ದವಡೆಯ ಕಮಾನು ಕಿರಿದಾಗುವುದುಂಟು. ಮಗಳಿಗೂ ಎಡಬದಿ ಚೂರು ಒಳಗೆ ಬಂದಿದೆ. ಹಾಲುಹಲ್ಲು ಬಂದಾಗ ಆ ಬದಿಯಲ್ಲಿ ಮೇಲಿನ ಹಲ್ಲು ಕೆಳಗಿನದರ ಒಳಗೆ ಕೂರಬಹುದು. ಬೇಕಾದರೆ ಏಳೆಂಟು ವರ್ಷಕ್ಕೆ ತಂತಿ ಹಾಕಿ ಅಗಲ ಮಾಡುತ್ತಾರೆ. ಕೋರೆಹಲ್ಲು ಬರುವ ಮೊದಲು, ಸುಮಾರು 8ರಿಂದ 11 ವರ್ಷದ ನಡುವೆ, ಸೊಂಟದ ಎಲುಬಿನಿಂದ ಸ್ವಲ್ಪ ತೆಗೆದು ಒಸಡಿನ ಆ ಸಂದು ತುಂಬುತ್ತಾರೆ.

'ಹಾಗಾದ್ರೆ ಬೇಗ ಹೊಲಿಸಿದ್ದೇ ತಪ್ಪಾ ಡಾಕ್ಟ್ರೇ?' ಎಂದು ಹೆಂಡತಿ ಕೇಳಿದಳು. ನನ್ನ ಗಂಟಲಲ್ಲೂ ಅದೇ ಪ್ರಶ್ನೆ ಸಿಕ್ಕಿಕೊಂಡಿತ್ತು. ಅವರು ಶ್ರೀಲಂಕಾದ ಸಂಗತಿ ಹೇಳಿದರು. ಅಲ್ಲಿ ಆಪರೇಷನ್ ಸಿಗದೆ ದೊಡ್ಡವರಾದವರ ದವಡೆ ಅಳೆದು ನೋಡಿದ್ದಾರಂತೆ. ಅವರ ಮೇಲ್ದವಡೆ ಮುಂದಕ್ಕೆ ಚೆನ್ನಾಗಿಯೇ ಬೆಳೆದಿತ್ತು. ಅಂದರೆ ಬೆಳವಣಿಗೆಯನ್ನು ಹಿಡಿದು ನಿಲ್ಲಿಸುವುದು ಸೀಳಿಗಿಂತ ಜಾಸ್ತಿ ಆಪರೇಷನ್ನಿನ ಗಾಯದ ಕಲೆ. ಅದರಲ್ಲೂ ಅಂಗುಳದ್ದು. 'ಆದ್ರೆ ದವಡೆ ಚೆಂದ ಬೆಳೀಲಿ ಅಂತ ತುಟಿ ಬಿಟ್ರೆ ಮಗು ಹೇಗೆ ಊಟ ಮಾಡ್ಬೇಕು? ಅಂಗುಳ ಬಿಟ್ರೆ ಹೇಗೆ ಮಾತಾಡ್ಬೇಕು?' ಎಂದರು. ಅಂಗುಳವನ್ನು ತುಟಿಯ ಜೊತೆಗೇ ಹೊಲಿಯದೆ ವರ್ಷದ ಹತ್ತಿರ ಇಟ್ಟುಕೊಂಡದ್ದು ಯಾಕೆ ಅಂತ ನನಗೆ ಅವತ್ತು ಗೊತ್ತಾಯಿತು. ತಡ ಮಾಡಿದಷ್ಟು ದವಡೆಗೆ ಒಳ್ಳೆಯದು, ಬೇಗ ಮಾಡಿದಷ್ಟು ಮಾತಿಗೆ ಒಳ್ಳೆಯದು.

ಈ ಮಾತುಕತೆ ನಡೆಯುವಾಗ ಮಗಳು ಮೇಜಿನತ್ತ ಬಾಗಿ ಒಂದನೇ ಅಚ್ಚನ್ನು ಹಿಡಿದು ಬಾಯಿಗೆ ಹಾಕಿಕೊಂಡಳು. ಹನ್ನೆರಡು ದಿನದ ತನ್ನದೇ ಒಸಡನ್ನು ಒಂಬತ್ತು ತಿಂಗಳ ಒಸಡಿನಿಂದ ಕಚ್ಚುತ್ತಾ ಕೂತಳು. ಡಾಕ್ಟರ್ ಮೆಲ್ಲಗೆ ಬಿಡಿಸಿಕೊಂಡು, ಜೊಲ್ಲು ಒರೆಸಿ, ಡಬ್ಬಿಗೆ ಹಾಕಿದರು. ಅಷ್ಟರಲ್ಲಿ ಮೂರನ್ನೂ ಸೇರಿಸಿ ನಾನೊಂದು ಫೋಟೋ ತೆಗೆದುಕೊಂಡಿದ್ದೆ. ನೀವೂ ಪ್ರತಿ ಅಚ್ಚಿನದ್ದು ತಾರೀಖು ಕಾಣುವ ಹಾಗೆ ಫೋಟೋ ತೆಗೆದಿಡಿ. ಊರು ಬದಲಾಗಬಹುದು, ಡಾಕ್ಟರ್ ಬದಲಾಗಬಹುದು. ಹತ್ತು ವರ್ಷದ ಮೇಲೆ ಹಲ್ಲಿನ ಡಾಕ್ಟರ್ ಕೇಳುವುದು ಅದನ್ನೇ. ಈಗ ಕೆಲವು ಕಡೆ ಮುದ್ದೆ ಬಿಟ್ಟು ಸಣ್ಣ ಕ್ಯಾಮೆರಾದಂಥ ಸ್ಕ್ಯಾನರ್‌ನಲ್ಲಿ ಅಳತೆ ತೆಗೆಯುತ್ತಾರೆ. ಹಾಗಿದ್ದರೆ ಫೈಲನ್ನೇ ಕೇಳಿ ತೆಗೆದುಕೊಳ್ಳಿ.

ಅಂಗುಳದ ಆಪರೇಷನ್ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ಅದು ತುಟಿಗಿಂತ ಕಷ್ಟ. ಮೊದಲ ರಾತ್ರಿ ಜೊಲ್ಲಿನಲ್ಲಿ ರಕ್ತ ಬರುತ್ತದೆ, ಮಗು ನೀರು ಕೂಡ ಬೇಡ ಅನ್ನುತ್ತದೆ. ಮೂರನೇ ದಿನ ತೆಳು ಗಂಜಿ ಇಳಿಯಿತು, ಆಮೇಲೆ ಬದುಕಿದೆವು. ಹಿಂದಿನ ಸಲ ಆಸ್ಪತ್ರೆಯಲ್ಲಿ ಒಂದೇ ದಿಂಬಿನ ಬಟ್ಟೆ ಸಾಕಾಗಿತ್ತು, ಈ ಸಲ ನಾಲ್ಕು ಬೇಕಾಯಿತು.

ಖರ್ಚು ಕೇಳುವವರಿಗೆ: ಎರಡೂ ಆಪರೇಷನ್, ಅರಿವಳಿಕೆ, ವಾರ್ಡು ಎಲ್ಲ ಸೇರಿ ನಾವು ಕೊಟ್ಟದ್ದು ಸೊನ್ನೆ. ಬಸ್ಸು, ಆಟೋ, ಟೇಪು, ಹಾಲು ಹಿಂಡುವ ಪಂಪು, ಹೊರಗಿನ ಊಟ, ಒಂದೆರಡು ಹೊರಗಿನ ಪರೀಕ್ಷೆ ಸೇರಿ 38,000ದ ಹತ್ತಿರ ಆಯಿತು. ಅಂಗಡಿ ಮುಚ್ಚಿದ 31 ದಿನ ಈ ಲೆಕ್ಕದಲ್ಲಿಲ್ಲ. ಉಚಿತ ಅಂದ ಕೂಡಲೇ ಕೈಯಲ್ಲಿ ದುಡ್ಡಿಲ್ಲದೆ ಹೊರಡಬೇಡಿ.

ಮುಂದಿನ ತಿಂಗಳು ಕಿವಿ ಪರೀಕ್ಷೆ, ಮತ್ತೆ ಮಾತಿನ ತರಬೇತಿ ಶುರು. ಅಂಗುಳ ಸೀಳಿದ ಮಕ್ಕಳಿಗೆ ಕಿವಿಯೊಳಗೆ ನೀರು ಕಟ್ಟುವುದು ಜಾಸ್ತಿ, ಅದನ್ನು ಬಿಡಬಾರದಂತೆ. ನಿನ್ನೆ ಪಟ್ಟಿ ಬಿಚ್ಚಿದ ಮೇಲೆ ಅಮ್ಮ ಅವಳ ಎದುರು ಕೂತು 'ಅಜ್ಜಿ ಅನ್ನು, ಅಜ್ಜಿ' ಅಂತ ಈಗಲೇ ಪಾಠ ಶುರು ಮಾಡಿದ್ದಾರೆ. ಅವಳು 'ಅಮ್ಮಾ' ಅಂದಳು.

ಹ್ಞಾಂ, ಒಂದು ಮರೆತೆ. ಆಸ್ಪತ್ರೆಯವರು ಕೊಡುವ ಹಳದಿ ಕಾರ್ಡನ್ನು ಲ್ಯಾಮಿನೇಟ್ ಮಾಡಬೇಡಿ. ಮುಂದಿನ ತಾರೀಖು ಬರೆಯಲಿಕ್ಕೆ ಪೆನ್ನು ಹಿಡಿಯುವುದಿಲ್ಲ. ನನ್ನದೇ ಅಂಗಡಿ ಅಲ್ವಾ ಅಂತ ನಾನು ಮೊದಲ ವಾರವೇ ಮಾಡಿಟ್ಟಿದ್ದೆ.